ಒಂದು ಹಾಡು, ಮೂರು ಊರು

ಭದ್ರಾವತಿಗೆ ಬೆಂಕಿಪುರ ಎಂಬುದು ಹಳೆಯ ಹೆಸರು. ಆ ಹೆಸರು ಈಗ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ; ಆದರೆ ಊರಿನೊಳಗೆ ಇನ್ನೆರಡು ಹೆಸರುಗಳು ಜನರ ಬಾಯಲ್ಲಿ ಗಟ್ಟಿಯಾಗಿ ನಿಂತಿವೆ. ಒಂದು ಓಲ್ಡ್ ಟೌನ್, ಇನ್ನೊಂದು ನ್ಯೂ ಟೌನ್. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ಸುತ್ತ ಬೆಳೆದ ಊರು ಓಲ್ಡ್ ಟೌನ್. 1923ರಲ್ಲಿ ಉತ್ಪಾದನೆ ತೊಡಗಿದ ಕಬ್ಬಿಣದ ಕಾರ್ಖಾನೆಯನ್ನು ನಂಬಿ ಬೆಳೆದದ್ದು ನ್ಯೂ ಟೌನ್. ಕಾರ್ಖಾನೆ ಕರೆದದ್ದರಿಂದ ನಾನಾ ಸೀಮೆಯ ಜನ ಇಲ್ಲಿಗೆ ಬಂದು ನೆಲೆಸಿದರು. ಹೀಗಾಗಿ ಓಲ್ಡ್ ಟೌನಿನ ಒಂದು ವಠಾರದಲ್ಲಿ ಬೆಳೆದ ನನ್ನಂಥವನಿಗೆ ಮಲೆನಾಡಿನ ಕನ್ನಡ, ಬಯಲುಸೀಮೆಯ ಕನ್ನಡ, ಗೋಕಾಕದ ಕಡೆಯ ಕನ್ನಡ ಎಲ್ಲವೂ ಒಂದೇ ಅಂಗಳದಲ್ಲಿ ಕಿವಿಗೆ ಬೀಳುತ್ತಿದ್ದವು. ತಮಿಳು, ತೆಲುಗು, ಉರ್ದುಗಳ ಮಾತು ಬೇರೆ.

ಈ ಅಂಗಳದಲ್ಲಿ ನಾನು ಮೊದಲ ಬಾರಿಗೆ ಕೇಳಿದ ಒಂದು ಹಾಡಿನ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಕಂಬಾರರ ‘ಕಾಡು ಕುದುರೆ’. ಹಾಡಿದವರು ಶಿವಮೊಗ್ಗ ಸುಬ್ಬಣ್ಣ. ಕೇಳುಗರಲ್ಲಿ ಬಹುಮಂದಿಗೆ ಅದು ಚಿರಪರಿಚಿತವಾದ ಹಾಡೇ. ಪರಿಚಿತವಾದದ್ದನ್ನು ಕುರಿತು ಮಾತನಾಡುವಾಗ ಒಂದು ಅನುಕೂಲವಿದೆ: ಹಾಡನ್ನು ವರ್ಣಿಸಬೇಕಾಗಿಲ್ಲ. ಒಂದು ಕಷ್ಟವೂ ಇದೆ: ಪರಿಚಿತವಾದದ್ದರ ಬಗ್ಗೆ ನಾವು ಪ್ರಶ್ನೆ ಕೇಳುವುದನ್ನು ನಿಲ್ಲಿಸಿಬಿಟ್ಟಿರುತ್ತೇವೆ.

ನಾನಾಗ ಕಾಲೇಜಿನ ವಿದ್ಯಾರ್ಥಿ. 1980ರ ಆಸುಪಾಸು. ನಮ್ಮ ವಠಾರದ ತುದಿಯ ಮನೆಯಲ್ಲಿ ಕಾರ್ಖಾನೆಯ ಎರಕದ ವಿಭಾಗದಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರಿದ್ದರು. ಗೋಕಾಕದ ಕಡೆಯವರು. ನಾವೆಲ್ಲ ಅವರನ್ನು ಕಾಕಾ ಎಂದು ಕರೆಯುತ್ತಿದ್ದೆವು. ಹುಡುಗನಾಗಿದ್ದಾಗ ತಮ್ಮ ಊರಿನ ಗೀಗೀ ಮೇಳದಲ್ಲಿ ತುಂತುಣಿ ಹಿಡಿದು ಹಿಮ್ಮೇಳಕ್ಕೆ ನಿಲ್ಲುತ್ತಿದ್ದವರಂತೆ. ನಮ್ಮ ಮನೆಯಲ್ಲಿ ನನ್ನ ಸೋದರತ್ತೆ ಇದ್ದರು. ಚಿಕ್ಕ ವಯಸ್ಸಿನಲ್ಲಿ ವೀಣೆ ಕಲಿತವರು. ಬೆಳಗಿನ ಕೆಲಸ ಮುಗಿದ ಮೇಲೆ ನೆರೆಯ ಹೆಣ್ಣುಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತಿದ್ದರು. ವಠಾರದ ರೇಡಿಯೋ ನಮ್ಮ ಮನೆಯ ಕಿಟಕಿಯಲ್ಲಿತ್ತು. 1960ರ ದಶಕದಲ್ಲಿ ಭದ್ರಾವತಿಯಲ್ಲಿಯೇ ಆಕಾಶವಾಣಿ ಕೇಂದ್ರ ಬಂದ ಮೇಲೆ ಆ ಪೆಟ್ಟಿಗೆ ನಮಗೆ ದೂರದ ವಸ್ತುವಾಗಿ ಉಳಿದಿರಲಿಲ್ಲ, ಮನೆಯ ಒಬ್ಬ ಸದಸ್ಯನಂತೆಯೇ ಇತ್ತು.

ಆ ಸಂಜೆ ಹಾಡು ಮೊದಲಾದಾಗ ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದು, “ಇದೇನೋ ಇದು, ಹಾಡೋ ಕೂಗೋ?” ಎಂದರು. ಕಾಕಾ ಜಗುಲಿಯ ಮೇಲೆ ಕುಳಿತಿದ್ದರು. ಬೀಡಿ ಆರಿದ್ದೂ ಅವರಿಗೆ ತಿಳಿಯಲಿಲ್ಲ. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದಿಷ್ಟು: “ಮಾತು ನಮ್ಮದು ತಮ್ಮಾ. ಹಾಡಾಂವ ನಮ್ಮ ಕಡ್ಯಾಂವ ಅಲ್ಲ.” ಆಮೇಲೆ ತಾವೇ ಸೇರಿಸಿದರು: “ಆದ್ರ ಮಾತ ಕೆಡಿಸಿಲ್ಲ ಬಿಡು.”

ಇನ್ನೆರಡು ಸಲ ಆ ಹಾಡು ಕೇಳಿದ ಮೇಲೆ ಅತ್ತೆಯ ತೀರ್ಪೂ ಬದಲಾಯಿತು. ಪೂರ್ತಿ ಬದಲಾಯಿತೆನ್ನಲಾರೆ. “ಕೂಗಿದ್ರೂ ಶ್ರುತಿ ಬಿಟ್ಟಿಲ್ಲ ಕಣೋ” ಎಂದರು. ಈ ಎರಡು ಮಾತುಗಳಿಗಿಂತ ಉತ್ತಮವಾದ ವಿಮರ್ಶೆಯನ್ನು ಆ ಹಾಡಿನ ಬಗ್ಗೆ ನಾನು ಎಲ್ಲಿಯೂ ಓದಿಲ್ಲ. ಮಾತು ಕೆಡಲಿಲ್ಲ ಎಂದು ಒಬ್ಬರು, ಶ್ರುತಿ ಕೆಡಲಿಲ್ಲ ಎಂದು ಇನ್ನೊಬ್ಬರು. ಎರಡು ಬೇರೆ ಲೋಕಗಳ ಮನುಷ್ಯರು ತಮಗೆ ಅಮೂಲ್ಯವಾದದ್ದನ್ನು ಒಂದೇ ಹಾಡಿನಲ್ಲಿ ಹುಡುಕಿ, ಅದು ಅಲ್ಲಿ ಸುರಕ್ಷಿತವಾಗಿದೆ ಎಂದು ಕಂಡುಕೊಂಡಿದ್ದರು. ಇದು ಹೇಗೆ ಸಾಧ್ಯವಾಯಿತು ಎಂಬುದೇ ನನ್ನ ಇಂದಿನ ಪ್ರಶ್ನೆ.

ಹಾಡಿನ ಮೊದಲನೆಯ ಊರು ಬೆಳಗಾವಿ ಜಿಲ್ಲೆಯ ಘೋಡಗೇರಿ. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಅಲ್ಲಿ. ಬಯಲಾಟ, ಲಾವಣಿ, ಗೀಗೀ ಪದಗಳ ನಡುವೆ ಬೆಳೆದವರು. ನವ್ಯಕಾವ್ಯವು ನಗರದ ಒಂಟಿತನವನ್ನೂ ಒಳಮನಸ್ಸಿನ ತೊಳಲಾಟವನ್ನೂ ಹೇಳುತ್ತಿದ್ದ ಕಾಲದಲ್ಲಿ, 1964ರಲ್ಲಿ, ಅವರು ‘ಹೇಳತೇನ ಕೇಳ’ ಎಂಬ ಕಾವ್ಯವನ್ನು ಪ್ರಕಟಿಸಿದರು. ಹೆಸರಿನಲ್ಲಿಯೇ ಆಡುಮಾತಿನ ಬನಿ ಇದೆ. ಅವರು ಕವಿತೆಯನ್ನು ಓದುವುದಕ್ಕಿಂತ ಹಾಡಿದ್ದೇ ಹೆಚ್ಚು. ಕವಿಗೋಷ್ಠಿಯಲ್ಲಿ ಅವರನ್ನು ಕೇಳಿದವರಿಗೆ ಗೊತ್ತು: ಕಾಗದ ಕೈಯಲ್ಲಿದ್ದರೂ ಕಣ್ಣು ಕಾಗದದ ಮೇಲಿರುವುದಿಲ್ಲ. ‘ಕಾಡು ಕುದುರೆ’ ಎಂಬ ಚಲನಚಿತ್ರವನ್ನು ನಿರ್ದೇಶಿಸಿದವರೂ ಅವರೇ, ಅದಕ್ಕೆ ಸಂಗೀತ ಕೂಡಿಸಿದವರೂ ಅವರೇ. ಆದುದರಿಂದ ಈ ಹಾಡಿನ ಮಾತಿಗೂ ಮಟ್ಟಿಗೂ ತಾಯಿಬೇರು ಒಂದೇ.

ಕವಿತೆಯ ಕುದುರೆ ಎಲ್ಲಿಂದಲೋ ಥಟ್ಟನೆ ಊರಿನ ಅಂಚಿಗೆ ಬಂದು ನಿಲ್ಲುವ ಒಂದು ಶಕ್ತಿ. ಅದನ್ನು ಕಾಮವೆಂದು ಕೆಲವರು, ಪ್ರತಿಭೆಯೆಂದು ಕೆಲವರು, ಪ್ರಕೃತಿಯೆಂದು ಇನ್ನು ಕೆಲವರು ಅರ್ಥೈಸಬಹುದು. ಹಾಡಾಗಿ ಕೇಳುವಾಗ ಮಾತ್ರ ಈ ಅರ್ಥಗಳಿಗೆ ಮೊದಲು ಲಯ ಬರುತ್ತದೆ. ಗೊರಸಿನ ಓಟ ಕಿವಿಗೆ ಬಿದ್ದು, ಆಮೇಲೆ ಕುದುರೆ ಕಣ್ಣಿಗೆ ಬೀಳುತ್ತದೆ. ಪಾದದ ಕೊನೆಯ ಸ್ವರವನ್ನು ಎಳೆದು ಬಿಡುವ ರೀತಿಯಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವವರ ದನಿ ಇದೆ. ಅತ್ತೆ ಕೂಗು ಎಂದದ್ದು ತಪ್ಪಾಗಿರಲಿಲ್ಲ.

ಎರಡನೆಯ ಊರು ನಮ್ಮ ಜಿಲ್ಲೆಯದೇ. ಹೊಸನಗರ ತಾಲ್ಲೂಕಿನ ನಗರ. ಒಂದು ಕಾಲಕ್ಕೆ ಬಿದನೂರೆಂದು ಹೆಸರಾಗಿದ್ದ ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿಯ ವಶವಾಗಿ ಹೊಸ ಹೆಸರು ಪಡೆದ ಊರು. ಮಳೆ, ಅಡಿಕೆ ತೋಟ, ಪಾಳು ಕೋಟೆ. ಅಲ್ಲಿ 1938ರಲ್ಲಿ ಹುಟ್ಟಿದ ಜಿ. ಸುಬ್ರಹ್ಮಣ್ಯ ಎಂಬವರು ಮುಂದೆ ಶಿವಮೊಗ್ಗ ಸುಬ್ಬಣ್ಣನೆಂದು ನಾಡಿಗೆ ಪರಿಚಿತರಾದರು. ವೃತ್ತಿಯಿಂದ ಅವರು ವಕೀಲರು. ಕಲಿತದ್ದು ಕರ್ನಾಟಕ ಸಂಗೀತ. 1960ರ ದಶಕದಲ್ಲಿ ಆಕಾಶವಾಣಿಯ ಮೂಲಕ ಅವರ ದನಿ ಮನೆಮನೆಗೆ ತಲುಪತೊಡಗಿತು. ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ ಗೀತೆಯನ್ನು ಅವರ ಕಂಠದಲ್ಲಿ ಕೇಳಿ ಮೈ ನವಿರೆದ್ದವರು ಅನೇಕರು. ತುಂಬು ಕಂಠ, ತಾರಸ್ಥಾಯಿಯಲ್ಲಿಯೂ ತೆಳುವಾಗದ ದನಿ, ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ಉಚ್ಚಾರ.

ಇವರಿಬ್ಬರ ಸೇರುವಿಕೆ ಮೇಲುನೋಟಕ್ಕೆ ಹೊಂದದ ಸಂಬಂಧ. ಬೆಳಗಾವಿಯ ಆಡುನುಡಿಯ ಹಾಡು, ಮಲೆನಾಡಿನ ವಕೀಲರ ಕಂಠ. ಕಂಬಾರರು ತಾವೇ ಹಾಡಬಹುದಾಗಿತ್ತು, ಹಾಡಬಲ್ಲವರು. ಇಲ್ಲವೆ ಆ ಸೀಮೆಯ ಲಾವಣಿಕಾರನೊಬ್ಬನನ್ನು ಕರೆಸಬಹುದಾಗಿತ್ತು. ಹಾಗೆ ಮಾಡಿದ್ದರೆ ಹಾಡು ಹೆಚ್ಚು ಅಸಲಿಯಾಗುತ್ತಿತ್ತು ಎಂದು ವಾದಿಸುವವರಿದ್ದಾರೆ. ಈ ವಾದವನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಹಳ್ಳಿಯ ಹಾಡನ್ನು ಪಟ್ಟಣದವರು ಎತ್ತಿಕೊಂಡಾಗ, ಹಾಡು ಪಟ್ಟಣಕ್ಕೆ ಬಂದು ಹಾಡುಗಾರ ಹಳ್ಳಿಯಲ್ಲೇ ಉಳಿದದ್ದನ್ನು ನಾವೆಲ್ಲ ಕಂಡಿದ್ದೇವೆ.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. ‘ಕಾಡು ಕುದುರೆ’ಗೆ ಹತ್ತು ವರ್ಷ ಮುಂಚೆ ಅಮೆರಿಕದಲ್ಲಿ ಇಂಥದೇ ಒಂದು ಪ್ರಸಂಗ ನಡೆಯಿತು. ಅಲ್ಲಿಯ ದಕ್ಷಿಣ ಸೀಮೆಯ ಹಳ್ಳಿಗರ ಹಾಡಿಗೆ ಕಂಟ್ರಿ ಸಂಗೀತವೆಂದು ಹೆಸರು. ನಗರದ ತರುಣರದು ರಾಕ್ ಸಂಗೀತ. ಇವೆರಡಕ್ಕೂ ಆಗ ಮಾತುಕತೆ ಇರಲಿಲ್ಲ. 1968ರಲ್ಲಿ ‘ದಿ ಬರ್ಡ್ಸ್’ ಎಂಬ ರಾಕ್ ತಂಡ ಗ್ರ್ಯಾಮ್ ಪಾರ್ಸನ್ಸ್ ಎಂಬ ತರುಣನನ್ನು ಸೇರಿಸಿಕೊಂಡು ನ್ಯಾಶ್‌ವಿಲ್ ನಗರಕ್ಕೆ ಹೋಗಿ, ಅಲ್ಲಿಯ ವಾದ್ಯಗಾರರ ಜೊತೆಯಲ್ಲಿ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ’ ಎಂಬ ಧ್ವನಿಮುದ್ರಿಕೆಯ ಕೆಲಸ ತೊಡಗಿತು. ಪಾರ್ಸನ್ಸ್ ದಕ್ಷಿಣದವನೇ, ಆದರೆ ಕಿತ್ತಳೆ ತೋಟಗಳ ಸಿರಿವಂತರ ಮನೆಯವನು, ಹಾರ್ವರ್ಡಿನಲ್ಲಿ ಕೆಲಕಾಲ ಓದಿದವನು. ಅದೇ ಮಾರ್ಚಿಯಲ್ಲಿ ಆ ತಂಡ ಹಳ್ಳಿ ಸಂಗೀತದ ಪೀಠವೆನಿಸಿದ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆ ಏರಿದಾಗ ಸಭಿಕರು ಹೀಯಾಳಿಸಿದರು. ಪಾರ್ಸನ್ಸ್ ಹಾಡುತ್ತೇನೆಂದು ಹೇಳಿದ್ದ ಹಾಡನ್ನು ಬಿಟ್ಟು, ತಾನೂ ಸೇರಿ ರಚಿಸಿದ್ದ ಬೇರೊಂದು ಹಾಡನ್ನು ಅಜ್ಜಿಗೆ ಅರ್ಪಿಸಿ ಹಾಡಿದ. ವ್ಯವಸ್ಥಾಪಕರಿಗೆ ಸಿಟ್ಟು ಬಂತು. ಮುದ್ರಿಕೆ ಹೊರಬಂದಾಗ ಅದರ ಮಾರಾಟವೂ ಅಷ್ಟಕ್ಕಷ್ಟೆ. ಪಾರ್ಸನ್ಸ್ 26ನೆಯ ವಯಸ್ಸಿಗೆ, 1973ರಲ್ಲಿ, ತೀರಿಕೊಂಡ. ಇಂದು ಕಂಟ್ರಿ ರಾಕ್ ಎಂಬ ಪ್ರಕಾರಕ್ಕೆ ಆ ಮುದ್ರಿಕೆಯೇ ಅಡಿಗಲ್ಲುಗಳಲ್ಲಿ ಒಂದೆಂದು ಎಲ್ಲರೂ ಒಪ್ಪುತ್ತಾರೆ.

ಅಲ್ಲಿಯದಕ್ಕೂ ಇಲ್ಲಿಯದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ನಗರದ ತರುಣರು ಹಳ್ಳಿಯ ಹಾಡನ್ನು ಹುಡುಕಿಕೊಂಡು ಹೋದರು. ಇಲ್ಲಿ ಹಳ್ಳಿಯ ಕವಿ ತನ್ನ ಹಾಡನ್ನು ತಾನೇ ಹೊತ್ತು ನಗರಕ್ಕೆ ಬಂದು, ಅದನ್ನು ಇನ್ನೊಬ್ಬರ ಕೈಗೆ ಕೊಟ್ಟ. ಹುಡುಕಿ ತೆಗೆದುಕೊಂಡದ್ದು ಬೇರೆ, ಕೊಟ್ಟಿದ್ದನ್ನು ತೆಗೆದುಕೊಂಡದ್ದು ಬೇರೆ. ಕೊಟ್ಟ ವಸ್ತುವಿಗೆ ಒಂದು ಹೊಣೆ ಅಂಟಿಕೊಂಡಿರುತ್ತದೆ.

ಆ ಹೊಣೆಯನ್ನು ಸುಬ್ಬಣ್ಣ ಹೇಗೆ ನಿರ್ವಹಿಸಿದರೆಂಬುದು ಗಮನಿಸತಕ್ಕ ವಿಷಯ. ಅವರೆದುರು ಎರಡು ಸುಲಭದ ದಾರಿಗಳಿದ್ದವು. ಒಂದು, ಹಾಡನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದು: ಆಡುನುಡಿಯನ್ನು ನಯಗೊಳಿಸಿ, ಗಮಕ ಸಂಗತಿಗಳನ್ನು ಹೆಣೆದು, ಭಾವಗೀತೆಯ ಹದಕ್ಕೆ ತರುವುದು. ಎರಡು, ತಾವೇ ಹಾಡಿನ ಕಡೆಗೆ ವೇಷ ಹಾಕಿಕೊಂಡು ಹೋಗುವುದು: ದನಿಯನ್ನು ಒರಟು ಮಾಡಿ, ಮಾತನ್ನು ಅತಿಯಾಗಿ ಎಳೆದು, ಹಳ್ಳಿಗನಂತೆ ನಟಿಸುವುದು. ನಮ್ಮ ಚಲನಚಿತ್ರಗಳಲ್ಲಿ ಹಳ್ಳಿಯ ಹಾಡೆಂಬ ಹೆಸರಿನಲ್ಲಿ ಈ ಎರಡನೆಯದು ಎಷ್ಟೋ ಸಲ ನಡೆದಿದೆ. ಸುಬ್ಬಣ್ಣ ಎರಡನ್ನೂ ಮಾಡಲಿಲ್ಲ. ಮಾತನ್ನು ಕವಿ ಕೊಟ್ಟಂತೆಯೇ ಇಟ್ಟುಕೊಂಡರು, ದನಿಯನ್ನು ತಮಗೆ ಗುರುಗಳು ಕೊಟ್ಟಂತೆಯೇ ಇಟ್ಟುಕೊಂಡರು. ಆ ಮನೆಗೆ ಬಂದ ನೆಂಟ ನೆಂಟನಾಗಿಯೇ ಕುಳಿತು ಊಟ ಮಾಡಿದ ಹಾಗೆ. ಮನೆಯ ಮಗನೆಂದು ಹೇಳಿಕೊಳ್ಳಲಿಲ್ಲ, ಊಟ ತನ್ನ ರುಚಿಯಂತಿಲ್ಲವೆಂದು ಗೊಣಗಲೂ ಇಲ್ಲ. ಕಾಕಾ ಗುರುತಿಸಿದ್ದು ಇದನ್ನೇ. ಹಾಡುವವನು ತಮ್ಮವನಲ್ಲ ಎಂಬುದು ಅವರಿಗೆ ಮೊದಲ ಸಾಲಿಗೇ ತಿಳಿಯಿತು. ಅದನ್ನು ಅವರಿಂದ ಯಾರೂ ಮುಚ್ಚಿಟ್ಟಿರಲಿಲ್ಲವಾದ್ದರಿಂದಲೇ ಅವರಿಗೆ ಮೋಸವಾದಂತೆ ಅನ್ನಿಸಲಿಲ್ಲ.

ಈ ಹಾಡಿಗೆ ಹಿಂದುಮುಂದು ಇಲ್ಲವೆಂದಲ್ಲ. ಪಿ. ಕಾಳಿಂಗರಾಯರು ಅದಕ್ಕೆ ಬಹಳ ಮೊದಲೇ ಜನಪದ ಗೀತೆಗಳನ್ನು ಕಚೇರಿಯ ವೇದಿಕೆಗೆ ತಂದಿದ್ದರು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದು, ಕವಿತೆ ಕ್ಯಾಸೆಟ್ಟಿನ ರೂಪದಲ್ಲಿ ಮನೆಗೆ ಬರುವ ಕಾಲ ಮೊದಲಾಯಿತು. ಮುಂದೆ ಸಿ. ಅಶ್ವತ್ಥ್ ಮತ್ತು ಸುಬ್ಬಣ್ಣನವರ ಕಂಠಗಳಲ್ಲಿ ಶಿಶುನಾಳ ಶರೀಫರ ತತ್ವಪದಗಳು ನಾಡೆಲ್ಲ ಹರಡಿದವು. ಧಾರವಾಡ ಸೀಮೆಯ ಭಜನೆಯ ಮೇಳಗಳಲ್ಲಿ ಉಳಿದುಬಂದಿದ್ದ ಪದಗಳು ಮೈಸೂರಿನ ಹೋಟೆಲುಗಳಲ್ಲಿ, ಶಿವಮೊಗ್ಗದ ಗಣಪತಿ ಪೆಂಡಾಲುಗಳಲ್ಲಿ ಕೇಳಿಬಂದವು. ಉತ್ತರದ ಮಾತಿಗೆ ದಕ್ಷಿಣದ ಕಿವಿ ಒಗ್ಗಿಕೊಂಡಿತು. ಇದನ್ನು ಚಿಕ್ಕ ಸಾಧನೆಯೆಂದು ಯಾರೂ ತಿಳಿಯಬೇಕಾಗಿಲ್ಲ. 1956ರಲ್ಲಿ ನಕ್ಷೆಯ ಮೇಲೆ ಒಂದಾದ ನಾಡು ಬಾಯಿಮಾತಿನಲ್ಲಿ ಒಂದಾಗಲು ಕಾಲು ಶತಮಾನ ಹಿಡಿಯಿತು. ಆ ಕೆಲಸದಲ್ಲಿ ಇಂಥ ಹಾಡುಗಳದೂ ಒಂದು ಪಾಲು.

‘ಕಾಡು ಕುದುರೆ’ಯ ಗಾಯನಕ್ಕೆ 1978ನೆಯ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಕನ್ನಡದ ಹಾಡಿಗೆ ಆ ಗೌರವ ಬಂದದ್ದು ಅದೇ ಮೊದಲೇನಲ್ಲ. ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಹಾಡಿದ ಬಾಲಮುರಳೀಕೃಷ್ಣರಿಗೆ 1975ನೆಯ ಸಾಲಿನಲ್ಲಿಯೇ ಅದು ಸಂದಿತ್ತು. ಆದರೆ ಅದನ್ನು ಪಡೆದ ಮೊದಲ ಕನ್ನಡಿಗ ಗಾಯಕರು ಸುಬ್ಬಣ್ಣನವರೇ. ಒಂದು ಹಾಡು ಶುದ್ಧ ಶಾಸ್ತ್ರೀಯ ಸಂಗೀತದ ಕೃಪೆಯಿಂದ ದಿಲ್ಲಿಗೆ ಹೋಯಿತು. ಮೂರು ವರ್ಷಗಳ ಮೇಲೆ ಇನ್ನೊಂದು ಹೊಲದ ಬದುವಿನ ಕೂಗಿನ ಕೃಪೆಯಿಂದ ಅಲ್ಲಿಗೆ ತಲುಪಿತು. ಈ ದೂರವನ್ನು ಮೂರೇ ವರ್ಷಗಳಲ್ಲಿ ಕ್ರಮಿಸಿದ ಭಾಷೆಯ ಬಗ್ಗೆ ನಾವು ಹೆಮ್ಮೆಪಡಬಹುದು.

ಇಷ್ಟಾದ ಮೇಲೆಯೂ ಒಂದು ಮಾತು ಉಳಿಯುತ್ತದೆ. ಅದನ್ನು ಹೇಳದೆ ಮುಗಿಸಿದರೆ ನಾನು ಕಾಕಾರಿಗೆ ಅನ್ಯಾಯ ಮಾಡಿದಂತೆ.

ಇನ್ನೊಂದು ಸಂಜೆ ಅದೇ ಹಾಡು ಬಂತು. ಮುಗಿದಾಗ ಕಾಕಾ ನನ್ನನ್ನು ಕೇಳಿದರು: “ಹಿಂದ ಬಾರಸವ್ರು ಯಾರು, ತಮ್ಮಾ?” ರೇಡಿಯೋದಲ್ಲಿ ಕವಿಯ ಹೆಸರು ಹೇಳಿದ್ದರು, ಚಿತ್ರದ ಹೆಸರು ಹೇಳಿದ್ದರು, ಗಾಯಕರ ಹೆಸರು ಹೇಳಿದ್ದರು. “ಅದನ್ನ ಹೇಳಲಿಲ್ಲ ಕಾಕಾ” ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಹೇಳಲಿಲ್ಲಂದ್ರ? ಮತ್ತ ಮೇಳ ಹ್ಯಾಂಗಾತು ಅದು?”

ಗೀಗೀ ಮೇಳವನ್ನು ಕಂಡವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಅಲ್ಲಿ ಮುಂದೆ ಹಾಡುವವನ ಹೆಗಲಿಗೆ ಹೆಗಲು ಹಚ್ಚಿ ಹಿಮ್ಮೇಳದವರು ನಿಂತಿರುತ್ತಾರೆ. ಒಬ್ಬ ತುಂತುಣಿ ಮೀಟುತ್ತಾನೆ, ಒಬ್ಬ ತಾಳ ಹಾಕುತ್ತಾನೆ. ಮುಂದಿನವನ ಉಸಿರು ಮುಗಿಯುವಲ್ಲಿ ಹಿಂದಿನವರು ಎತ್ತಿಕೊಳ್ಳುತ್ತಾರೆ. ಮುಂದಿನವನು ಪದ ಮರೆತರೆ ಸಭೆಗೆ ತಿಳಿಯದಂತೆ ಕಾಯುವವರೂ ಅವರೇ. ಊರಿಗೆ ಎಲ್ಲರ ಹೆಸರೂ ಗೊತ್ತಿರುತ್ತದೆ. ಧ್ವನಿಮುದ್ರಣದ ಕೋಣೆಯಲ್ಲಿಯೂ ಹಿಮ್ಮೇಳವಿರುತ್ತದೆ. ಆ ದಿನಗಳ ಚಿತ್ರಗೀತೆಗಳನ್ನು ಸಾಮಾನ್ಯವಾಗಿ ಗಾಯಕರೂ ವಾದ್ಯದವರೂ ಏಕಕಾಲಕ್ಕೆ ಕೂಡಿಯೇ ಮುದ್ರಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬನ ಕೈ ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಹಾಗೆಂದ ಮೇಲೆ ಕುದುರೆಯನ್ನು ಓಡಿಸಿದವರು ಕವಿ, ಗಾಯಕ ಇಬ್ಬರೇ ಅಲ್ಲ. ಗೊರಸಿನ ಸದ್ದು ಯಾರ ಬೆರಳಿನಿಂದ ಹೊರಟಿತೋ ಅವರೂ ಆ ಹಾಡಿನ ಕರ್ತೃಗಳೇ.

ಅಮೆರಿಕದ ಆ ಮುದ್ರಿಕೆಯ ಮಾತು ಹೇಳಿದೆನಲ್ಲ. ಅದರಲ್ಲಿ ಸ್ಟೀಲ್ ಗಿಟಾರ್ ನುಡಿಸಿದ ಲಾಯ್ಡ್ ಗ್ರೀನ್ ಎಂಬ ನ್ಯಾಶ್‌ವಿಲ್ ವಾದಕನ ಹೆಸರನ್ನು ರಸಿಕರು ಇಂದಿಗೂ ಆದರದಿಂದ ನೆನೆಯುತ್ತಾರೆ. ಅದೇ ಮುದ್ರಿಕೆಯಲ್ಲಿ ಪಾರ್ಸನ್ಸ್ ಹಾಡಿದ್ದ ಕೆಲವು ಹಾಡುಗಳ ದನಿಯನ್ನು, ಹಳೆಯ ಒಪ್ಪಂದವೊಂದರ ತಕರಾರಿನಿಂದಾಗಿ, ಅಳಿಸಿ ಬೇರೆಯವರ ದನಿ ಹಾಕಬೇಕಾಯಿತು. ಅಂದರೆ ದನಿಯನ್ನು ಉಳಿಸುವ ಯಂತ್ರಕ್ಕೆ ದನಿಯನ್ನು ಅಳಿಸುವ ಶಕ್ತಿಯೂ ಇದೆ. ಹೆಸರು ಹೇಳದಿರುವುದು ಅಳಿಸುವುದರ ಇನ್ನೊಂದು ರೀತಿ. ಅದಕ್ಕೆ ಯಂತ್ರವೂ ಬೇಕಾಗಿಲ್ಲ.

ಜನಪದದಿಂದ ಹಾಡು ತೆಗೆದುಕೊಂಡೆವು, ಮಟ್ಟು ತೆಗೆದುಕೊಂಡೆವು, ಮಾತು ತೆಗೆದುಕೊಂಡೆವು. ಮೇಳದ ಒಂದು ನಡವಳಿಕೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆವು ಎಂದು ನನಗೆ ತೋರುತ್ತದೆ. ಅದು ಹಿಂದೆ ನಿಂತವನ ಹೆಸರನ್ನೂ ಸಭೆಗೆ ತಿಳಿಸುವ ನಡವಳಿಕೆ. ಅದನ್ನು ಹಿಂದಿರುಗಿ ತರುವುದು ಕಷ್ಟದ ಕೆಲಸವಲ್ಲ. ಈಗ ಊರೂರಿಗೂ ಧ್ವನಿಮುದ್ರಣದ ಕೋಣೆಗಳಿವೆ. ಕಾಲೇಜಿನ ಹುಡುಗರು ಜನಪದ ಗೀತೆಗಳಿಗೆ ಗಿಟಾರು ಡ್ರಮ್ಮುಗಳನ್ನು ಕೂಡಿಸಿ ಹಾಡುತ್ತಿದ್ದಾರೆ. ಕೂಡಿಸಲಿ. ಮಾತು ಕೆಡದಿರಲಿ, ಶ್ರುತಿ ಕೆಡದಿರಲಿ. ಇವೆರಡರ ಜೊತೆಗೆ ಕಾಕಾ ಕೇಳಿದ ಪ್ರಶ್ನೆಗೆ ಉತ್ತರವೂ ಸಿದ್ಧವಾಗಿರಲಿ.

ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ಕಾಕಾ ಕೆಲಸದಿಂದ ನಿವೃತ್ತರಾಗಿ ತಮ್ಮ ಊರಿಗೆ ಹೊರಟುಹೋದರು. ಓಲ್ಡ್ ಟೌನಿನ ಆ ವಠಾರವೂ ಈಗ ಇಲ್ಲ. ಸುಬ್ಬಣ್ಣನವರು 2022ರ ಆಗಸ್ಟ್ 11ರಂದು ತಮ್ಮ 83ನೆಯ ವಯಸ್ಸಿನಲ್ಲಿ ಅಗಲಿದರು. ಆ ರಾತ್ರಿ ನಾನು ‘ಕಾಡು ಕುದುರೆ’ಯನ್ನು ಹಾಕಿಕೊಂಡು ಕೇಳಿದೆ. ಮೊದಲ ಬಾರಿ ಅವರ ದನಿಗಾಗಿ ಕೇಳಿದೆ. ಎರಡನೆಯ ಬಾರಿ ಕಣ್ಣು ಮುಚ್ಚಿ, ಅವರ ದನಿಯನ್ನು ಆದಷ್ಟು ಬದಿಗೆ ಸರಿಸಿ, ಹಿಂದೆ ಬಾರಿಸುತ್ತಿದ್ದವರಿಗಾಗಿ ಕೇಳಿದೆ. ಕೈ ಎಲ್ಲಿಯೂ ತಪ್ಪಿರಲಿಲ್ಲ.

ಮುಂದಿನ ಸಲ ಆ ಹಾಡು ನಿಮ್ಮ ಕಿವಿಗೆ ಬಿದ್ದಾಗ ನೀವೂ ಒಮ್ಮೆ ಹಾಗೆ ಕೇಳಬೇಕೆಂದು ನನ್ನ ವಿನಂತಿ.